ಪೆನ್‌ಡ್ರೈವ್ ಹಾಕಿ ನೋಡಿ, ಆಮೇಲೆ ಮಾತು

ತಮಿಳುನಾಡಿನ ತಾಳವಾಡಿ ಸೀಮೆಯ ಮನೆಗಳಲ್ಲಿ ಅಟ್ಟ ಸೇರಿದ ಲ್ಯಾಪ್‌ಟಾಪುಗಳಿಗೆ ಬರವಿಲ್ಲ. ಅಣ್ಣನೋ ಅಕ್ಕನೋ ಹನ್ನೆರಡನೇ ಕ್ಲಾಸಿನಲ್ಲಿದ್ದಾಗ ಸರ್ಕಾರ ಕೊಟ್ಟವು ಅವು. 2011ರ ಸೆಪ್ಟೆಂಬರ್ 15ರಂದು, ಮಾಜಿ ಮುಖ್ಯಮಂತ್ರಿ ಅಣ್ಣಾದೊರೈ ಹುಟ್ಟಿದ ದಿನ, ಆಗಿನ ಮುಖ್ಯಮಂತ್ರಿ ಜಯಲಲಿತಾ ತಿರುವಳ್ಳೂರು ಜಿಲ್ಲೆಯಲ್ಲಿ ಶುರು ಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆ ದಿಂಬಂ ಘಾಟಿಯ 27 ತಿರುವು ಹತ್ತಿ ಈ ಬೆಟ್ಟದ ಮೇಲಿನ ಕನ್ನಡದ ಊರುಗಳಿಗೂ ಬಂತು. ಪಡೆದವರು ಓದು ಮುಗಿಸಿ ತಿರುಪ್ಪೂರಿಗೋ ಮೈಸೂರಿಗೋ ಕೆಲಸಕ್ಕೆ ಹೋದರು, ಲ್ಯಾಪ್‌ಟಾಪು ಮನೆಯಲ್ಲೇ ಉಳಿಯಿತು. ಈಗ ತಂಗಿಯ ಕಾಲೇಜಿಗೆ ಬೇಕೆಂದು ಧೂಳು ಒರೆಸಿ ಆನ್ ಮಾಡಿದರೆ, ಪರದೆ ಬೆಳಗುವಷ್ಟರಲ್ಲಿ ಟೀ ಕುಡಿದು ಮುಗಿಸಬಹುದು. ಬ್ರೌಸರ್ ತೆರೆದರೆ ಮೌಸ್ ನಿಂತುಬಿಡುತ್ತದೆ.

ನಿಧಾನವಾದರೂ ಸಹಿಸಬಹುದು, ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ಹೊಸದಾಗಿ ಪತ್ತೆಯಾಗುವ ಲೋಪಗಳನ್ನು ಮುಚ್ಚುವ ಭದ್ರತಾ ಅಪ್‌ಡೇಟು ಇನ್ನು ತಾನಾಗಿ ಬರುವುದಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಉಚಿತ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಮನೆಗಳಲ್ಲಿರುವುದು ಲೆನೊವೊ ಇ41 ಸರಣಿಯದು: ಎಎಂಡಿ ಪ್ರೊಸೆಸರ್, 4 ಜಿಬಿ ರ್ಯಾಮ್, 500 ಜಿಬಿಯ ತಿರುಗುವ ಹಾರ್ಡ್‌ಡಿಸ್ಕ್. ಅದರ ಪ್ರೊಸೆಸರು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ.

ಆಗ ಯಾರಾದರೂ ವಿಂಡೋಸಿನ ಬದಲು ‘ಲಿನಕ್ಸ್ ಹಾಕಿಸ್ಬುಡು’ ಅನ್ನುತ್ತಾರೆ. ರಿಪೇರಿ ಅಂಗಡಿಗೆ ಹೋದರೆ, ‘ಅದು ಇದ್ಕೆ ಓಡದಿಲ್ಲ ಕನಣ್ಣ’ ಎಂಬ ಉತ್ತರ. ಇಬ್ಬರೂ ಯಂತ್ರವನ್ನು ಮುಟ್ಟಿ ನೋಡದೆ ಹೇಳಿದ್ದು. ಓಡುತ್ತದೋ ಇಲ್ಲವೋ ಎಂಬುದನ್ನು ಹಾರ್ಡ್‌ಡಿಸ್ಕಿನಲ್ಲಿರುವ ಒಂದು ಫೋಟೊ ಕೂಡ ಅಳಿಸದೆ, ಒಂದು ಪೆನ್‌ಡ್ರೈವಿನಿಂದ, ಮನೆಯಲ್ಲೇ ಕೂತು ನೀವೇ ನೋಡಬಹುದು. ಚಾಮರಾಜನಗರಕ್ಕೋ ಘಾಟಿ ಇಳಿದು ಸತ್ಯಮಂಗಲಕ್ಕೋ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ.

ತಮಾಷೆಯೆಂದರೆ, ಸರ್ಕಾರಿ ಲ್ಯಾಪ್‌ಟಾಪುಗಳ ಪೈಕಿ ಬಹಳಷ್ಟರಲ್ಲಿ ಲಿನಕ್ಸ್ ಮೊದಲೇ ಇತ್ತು. ಇವನ್ನು ಖರೀದಿಸಿದ ಎಲ್ಕಾಟ್, ಅಂದರೆ ತಮಿಳುನಾಡು ಎಲೆಕ್ಟ್ರಾನಿಕ್ಸ್ ನಿಗಮ, ಯೋಜನೆಗೂ ಮುಂಚೆ ಸಿ. ಉಮಾಶಂಕರ್ ಎಂಬ ಐಎಎಸ್ ಅಧಿಕಾರಿಯ ಕೈಯಲ್ಲಿದ್ದಾಗ ತನ್ನ ಕಚೇರಿಗಳನ್ನೇ ಸೂಸೆ ಲಿನಕ್ಸಿಗೆ ಬದಲಾಯಿಸಿ ಸುದ್ದಿಯಾಗಿತ್ತು. ಮಕ್ಕಳಿಗೆ ಕೊಟ್ಟ ಯಂತ್ರಗಳಲ್ಲಿ ವಿಂಡೋಸ್ ಪಕ್ಕದಲ್ಲಿ ‘ಬಾಸ್’ ಇರುತ್ತಿತ್ತು. ಪೂರ್ತಿ ಹೆಸರು ಭಾರತ್ ಆಪರೇಟಿಂಗ್ ಸಿಸ್ಟಂ ಸಲ್ಯೂಷನ್ಸ್. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಚೆನ್ನೈಯಲ್ಲಿ ಡೆಬಿಯನ್ ಲಿನಕ್ಸನ್ನು ಆಧಾರವಾಗಿಟ್ಟು ಕಟ್ಟಿ 2007ರಲ್ಲಿ ಹೊರತಂದದ್ದು. ಆನ್ ಮಾಡಿದಾಗ ಎರಡು ಹೆಸರಿನ ಪಟ್ಟಿ ಬಂದು ಕೆಲವು ಸೆಕೆಂಡು ಕಾಯುತ್ತಿತ್ತಲ್ಲ, ಅದರಲ್ಲಿ ಯಾರೂ ಒತ್ತದ ಹೆಸರು ಅದೇ. ಜಾಗ ಉಳಿಸಲು ಅದನ್ನು ಅಳಿಸಿಹಾಕಿದವರೂ ಉಂಟು. ಆಗ ಬಾಸ್ ಓಡಿದ ಯಂತ್ರದಲ್ಲಿ ಅದೇ ಡೆಬಿಯನ್ ವಂಶದ ಉಬುಂಟು, ಮಿಂಟ್ ಇವತ್ತು ಓಡುವ ಸಂಭವ ಹೆಚ್ಚು. ಹಳೆಯ ಯಂತ್ರಾಂಶದ ಡ್ರೈವರುಗಳನ್ನು ಲಿನಕ್ಸ್ ಸುಲಭಕ್ಕೆ ಕಿತ್ತುಹಾಕುವುದಿಲ್ಲ. ಆದರೂ ನೋಡಿಯೇ ನಂಬುವುದು ಒಳ್ಳೆಯದು.

ಪೆನ್‌ಡ್ರೈವ್ ತಯಾರಿ

8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮದುವೆ ಆಲ್ಬಂ ಇರುವುದನ್ನು ತರಬೇಡಿ. ಯಾವ ಲಿನಕ್ಸ್ ಎಂಬ ಪ್ರಶ್ನೆಗೆ ಊರಿಗೊಂದು ಅಭಿಪ್ರಾಯ. ನನ್ನ ಮಾತು ಕೇಳುವುದಾದರೆ, 4 ಜಿಬಿ ರ್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ. ಕೆಳಗೆ ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ: ವಿಂಡೋಸ್ 7 ಬಳಸಿದವರ ಕೈಗೆ ತಕ್ಷಣ ಒಗ್ಗುತ್ತದೆ. ಕನಿಷ್ಠ 2 ಜಿಬಿ ರ್ಯಾಮ್, 20 ಜಿಬಿ ಜಾಗ ಬೇಕೆಂದು ಮಿಂಟಿನವರೇ ಹೇಳುತ್ತಾರೆ. ನೆಮ್ಮದಿಗೆ 4 ಜಿಬಿ. ಯೋಜನೆಯ ಮೊದಲ ವರ್ಷಗಳ 2 ಜಿಬಿ ಯಂತ್ರಗಳಿಗೆ ಲುಬುಂಟು ಹಾಕಿ ನೋಡಬಹುದು. ಆದರೆ ಅಲ್ಲಿ ತಿಣುಕುವುದು ಆಪರೇಟಿಂಗ್ ಸಿಸ್ಟಮ್ಮಿಗಿಂತ ಬ್ರೌಸರು. ಇವತ್ತಿನ ಒಂದೊಂದು ವೆಬ್‌ಸೈಟೂ ಹಳೇ ಕಾಲದ ಇಡೀ ವಿಂಡೋಸಿಗಿಂತ ಹೆಚ್ಚು ರ್ಯಾಮ್ ತಿನ್ನುತ್ತದೆ.

ಮಿಂಟಿನ ಐಎಸ್‌ಒ ಫೈಲು, ಅಂದರೆ ಇಡೀ ವ್ಯವಸ್ಥೆ ತುಂಬಿದ ಒಂದೇ ಕಡತ, ಸುಮಾರು 3 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜಿನಲ್ಲಿ ಅದು ಒಂದೇ ದಿನಕ್ಕೆ ಇಳಿಯುವುದಿಲ್ಲ, ಬೆಟ್ಟದಲ್ಲಿ ಟವರು ಕೈಕೊಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ಟೊರೆಂಟ್ ಮೂಲಕ ಇಳಿಸಿಕೊಂಡರೆ ನಿಂತಲ್ಲಿಂದ ಮುಂದುವರಿಯುತ್ತದೆ. ಲಿನಕ್ಸಿನ ಮಟ್ಟಿಗೆ ಟೊರೆಂಟು ಕಳ್ಳಮಾರ್ಗವಲ್ಲ, ಮಿಂಟಿನ ಸ್ವಂತ ವೆಬ್‌ಸೈಟಿನಲ್ಲೇ ಅದರ ಕೊಂಡಿಯಿದೆ. ಚಾಮರಾಜನಗರದಲ್ಲಿ ಓದುವ ಹುಡುಗರಿದ್ದರೆ ಅವರಿಗೆ ಹೇಳಿ ತರಿಸಿಕೊಳ್ಳುವುದು ಇನ್ನೂ ಸಲೀಸು. ಫೈಲು ಪೂರ್ತಿ ಬಂದಿದೆಯೇ ಎಂದು ತಾಳೆ ನೋಡದೆ ಮುಂದೆ ಹೋಗಬೇಡಿ. ವೆಬ್‌ಸೈಟಿನಲ್ಲಿ ಫೈಲಿನ ಜೊತೆಗೆ ಶಾ-256 ಎಂಬ ಉದ್ದದ ಗುರುತುಸಂಖ್ಯೆ ಕೊಟ್ಟಿರುತ್ತಾರೆ. ವಿಂಡೋಸಿನಲ್ಲಿ ಸೆವೆನ್-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್‌ಕ್ಲಿಕ್ ಮಾಡಿದಾಗಲೇ ಅದನ್ನು ಲೆಕ್ಕ ಹಾಕಿ ತೋರಿಸುತ್ತದೆ. ಒಂದು ಅಕ್ಷರ ಬೇರೆಯಾದರೂ ಫೈಲು ಕೆಟ್ಟಿದೆ ಎಂದೇ ಅರ್ಥ. ‘ಲಿನಕ್ಸ್ ಓಡಲಿಲ್ಲ’ ಎಂಬ ದೂರುಗಳಲ್ಲಿ ಕೆಲವಕ್ಕೆ ಕಾರಣ ಇಷ್ಟೇ ಇರುತ್ತದೆ.

ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ವಿಂಡೋಸಿನಲ್ಲಿ ರೂಫಸ್ ಅಥವಾ ಬಲೀನಾ ಎಚ್ಚರ್ ಎಂಬ ಪುಟ್ಟ ತಂತ್ರಾಂಶದಿಂದ ಬರೆಯಬೇಕು. ಎರಡು ಮೂರು ಲಿನಕ್ಸುಗಳನ್ನು ಹೋಲಿಸಿ ನೋಡುವ ಆಸೆಯಿದ್ದವರಿಗೆ ವೆಂಟಾಯ್ ಅನುಕೂಲ: ಪೆನ್‌ಡ್ರೈವನ್ನು ಒಮ್ಮೆ ಸಿದ್ಧ ಮಾಡಿದರೆ ಆಮೇಲೆ ಐಎಸ್‌ಒಗಳನ್ನು ಬರೀ ಕಾಪಿ ಮಾಡುತ್ತಾ ಹೋಗಬಹುದು. ಇರುವ ಒಂದು ಲ್ಯಾಪ್‌ಟಾಪೇ ವಿಂಡೋಸ್ ಕೆಟ್ಟು ಕೂತಿದ್ದರೆ? ಆಂಡ್ರಾಯ್ಡ್ ಫೋನಿನಲ್ಲಿ ಎಚ್‌ಡ್ರಾಯ್ಡ್ ಎಂಬ ಮುಕ್ತ ಆ್ಯಪ್ ಇದೆ. ಫೋನಿಗೇ ಐಎಸ್‌ಒ ಇಳಿಸಿಕೊಂಡು, ಒಟಿಜಿ ಕನೆಕ್ಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಅಲ್ಲಿಂದಲೇ ಬರೆಯಬಹುದು. ಫೋನಿಗೆ ಚಾರ್ಜ್ ತುಂಬಿಸಿಕೊಂಡು ಶುರು ಮಾಡಿ.

ಎಬ್ಬಿಸುವುದು

ಪೆನ್‌ಡ್ರೈವ್ ಹಾಕಿ, ಲ್ಯಾಪ್‌ಟಾಪ್ ಆನ್ ಮಾಡಿದ ಕ್ಷಣದಿಂದ ಬೂಟ್ ಮೆನುವಿನ ಕೀಲಿಯನ್ನು ತಟ್ಟುತ್ತಿರಬೇಕು. ಲೆನೊವೊ, ಡೆಲ್, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರಿನಲ್ಲಿ ಎಫ್12 ಮೆನುವನ್ನು ಮೊದಲು ಬಯೋಸಿನೊಳಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗಿಗೆ, ಹೋಗಿ ಚಾಲೂ ಮಾಡಬೇಕಾಗಬಹುದು. ಬಯೋಸಿಗೆ ಪಾಸ್‌ವರ್ಡ್ ಇದ್ದು ಅದು ಯಾರಿಗೂ ನೆನಪಿಲ್ಲ ಎನ್ನುವ ಮನೆಗಳಲ್ಲಿ ಇನ್ನೊಂದು ದಾರಿ: ವಿಂಡೋಸ್ ಒಳಗಿಂದಲೇ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಎಂಬುದು ಕಂಡರೆ ಅಲ್ಲಿ ಪೆನ್‌ಡ್ರೈವ್ ಆರಿಸಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ, ಮುಖ್ಯವಾಗಿ ಈಚಿನ ಲ್ಯಾಪ್‌ಟಾಪ್ ಇರುವವರಿಗೆ. ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆಯನ್ನು ಆಫ್ ಮಾಡಿ ಎಂದು ಯಾರಾದರೂ ಹೇಳಿದ ಕೂಡಲೇ ಮಾಡಬೇಡಿ. ಉಬುಂಟು, ಮಿಂಟ್, ಫೆಡೋರಾಗಳು ಸಾಮಾನ್ಯವಾಗಿ ಅದು ಆನ್ ಇದ್ದರೂ ಏಳುತ್ತವೆ. ವಿಂಡೋಸ್ 11ರ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಬಯೋಸಿನಲ್ಲಿ ಸೆಕ್ಯೂರ್ ಬೂಟನ್ನು ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಕೈಯಲ್ಲಿಲ್ಲದವರ ಫೈಲುಗಳು ಒಳಗೇ ಉಳಿದವು ಎಂದೇ ಲೆಕ್ಕ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದಿನ ಕೆಲಸ.

ಎಲ್ಲ ಸರಿಯಾದರೆ ಒಂದೆರಡು ನಿಮಿಷದಲ್ಲಿ ಲಿನಕ್ಸಿನ ಡೆಸ್ಕ್‌ಟಾಪು ಪೂರ್ತಿ ತೆರೆದುಕೊಳ್ಳುತ್ತದೆ. ಇದು ಲೈವ್ ಸೆಷನ್. ಇಡೀ ವ್ಯವಸ್ಥೆ ಪೆನ್‌ಡ್ರೈವ್ ಮತ್ತು ರ್ಯಾಮಿನಲ್ಲಿ ಓಡುತ್ತಿದೆ, ಹಾರ್ಡ್‌ಡಿಸ್ಕನ್ನು ಮುಟ್ಟಿಲ್ಲ. ಪರದೆಯ ಮೇಲೆ ‘ಇನ್‌ಸ್ಟಾಲ್’ ಎಂಬ ಚಿತ್ರವೊಂದಿದೆ, ಇವತ್ತು ಅದರ ತಂಟೆಗೆ ಹೋಗಬೇಡಿ. ಪರದೆ ಕಪ್ಪಾಗಿಯೇ ಉಳಿದರೆ ಮತ್ತೆ ಶುರು ಮಾಡಿ, ಮೊದಲ ಮೆನುವಿನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರಗಳಿಗೆ ಇದು ಬೇಕಾಗುವುದುಂಟು.

ಏನೇನು ನೋಡಬೇಕು

ಮೊದಲು ವೈಫೈ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಎಡವುವುದು ಹೆಚ್ಚಾಗಿ ಇಲ್ಲೇ. ಫೋನಿನ ಹಾಟ್‌ಸ್ಪಾಟ್ ಹೆಸರು ಪಟ್ಟಿಯಲ್ಲಿ ಕಂಡರೆ ಅರ್ಧ ಪರೀಕ್ಷೆ ಪಾಸು. ಇಂಟೆಲ್ ವೈಫೈ ಕಾರ್ಡುಗಳು ಸಾಮಾನ್ಯವಾಗಿ ಕೈಕೊಡುವುದಿಲ್ಲ. ಬ್ರಾಡ್‌ಕಾಮ್ ಚಿಪ್ ಇದ್ದರೆ ಮುಕ್ತವಲ್ಲದ ಡ್ರೈವರನ್ನು ಪ್ರತ್ಯೇಕವಾಗಿ ಹಾಕಬೇಕಾದೀತು. ಮಿಂಟಿನ ಡ್ರೈವರ್ ಮ್ಯಾನೇಜರ್ ಅದನ್ನು ಪೆನ್‌ಡ್ರೈವಿನಿಂದಲೇ ಒದಗಿಸಬಲ್ಲದು. ರಿಯಲ್‌ಟೆಕ್ಕಿನ ಕೆಲವು ಅಗ್ಗದ ಕಾರ್ಡುಗಳು ಕಾಣಿಸಿಕೊಂಡರೂ ಆಗಾಗ ಕಡಿದುಹೋಗುತ್ತವೆ. ಅದಕ್ಕೇ ಹೆಸರು ಕಂಡ ಮಾತ್ರಕ್ಕೆ ಬಿಡದೆ ಅರ್ಧ ಗಂಟೆ ವಿಡಿಯೊ ಓಡಿಸಿ ನೋಡಬೇಕು. ವೈಫೈ ಕಾಣದಿದ್ದರೂ ಪರೀಕ್ಷೆ ನಿಲ್ಲಿಸಬೇಕಿಲ್ಲ. ಫೋನನ್ನು ಚಾರ್ಜರಿನ ಕೇಬಲ್ಲಿನಿಂದ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ಲಿನಕ್ಸಿಗೆ ಅದು ತಂತಿಯ ನೆಟ್‌ವರ್ಕು, ಡ್ರೈವರ್ ಕೇಳುವುದಿಲ್ಲ. ಬ್ರಾಡ್‌ಬ್ಯಾಂಡ್ ಇಲ್ಲದ, ಎಲ್ಲವೂ ಫೋನಿನಿಂದಲೇ ಬರುವ ಊರುಗಳಲ್ಲಿ ವೈಫೈ ಕೆಟ್ಟಿದ್ದರೂ ಹೀಗೆ ವರ್ಷಗಟ್ಟಲೆ ನಡೆಸಬಹುದು.

ನೆಟ್ ಬಂತು, ಆದರೆ ಪ್ರತಿ ವೆಬ್‌ಸೈಟೂ ಸುರಕ್ಷಿತವಲ್ಲ ಎಂದು ಬ್ರೌಸರ್ ಬೆದರಿಸುತ್ತಿದೆಯೇ? ಮೂಲೆಯ ಗಡಿಯಾರ ನೋಡಿ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಯಂತ್ರದ ಒಳಗಿನ ಬಟನ್ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗಿರುತ್ತದೆ. ಅದಕ್ಕೂ ಲಿನಕ್ಸಿಗೂ ಸಂಬಂಧವಿಲ್ಲ. ಲೈವ್ ಸೆಷನ್ ಮುಗಿಸಿ ವಿಂಡೋಸಿಗೆ ಮರಳಿದಾಗ ಸಮಯ ಐದೂವರೆ ಗಂಟೆ ಹಿಂದೆ ಹೋಗಿದ್ದರೂ ಗಾಬರಿ ಬೇಡ. ಲಿನಕ್ಸು ಯಂತ್ರದ ಗಡಿಯಾರವನ್ನು ಗ್ರೀನ್‌ವಿಚ್ ಕಾಲಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಕಾಲ ಎಂದು ಓದುತ್ತದೆ. ನೆಟ್ ಸಿಕ್ಕಿದರೆ ಸರಿಹೋಗುತ್ತದೆ.

ಶಬ್ದ, ಮೈಕು, ಕ್ಯಾಮೆರಾ, ಟಚ್‌ಪ್ಯಾಡು, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಹೆಡ್‌ಫೋನ್ ಹಾಕಿದಾಗ ಸ್ಪೀಕರ್ ಸುಮ್ಮನಾಗುವುದು: ಒಂದೊಂದಾಗಿ ಒತ್ತಿ ನೋಡಿ, ಹೆಚ್ಚಿನವು ಸರಿಯಿರುತ್ತವೆ. ಬೆರಳಚ್ಚಿನ ಬೀಗ ಇದ್ದರೆ ಅದು ಓಡದು ಎಂದೇ ಇಟ್ಟುಕೊಳ್ಳಿ, ಓಡಿದರೆ ಲಾಭ. ಬಹಳ ಜನ ಮರೆಯುವುದು ಮುಚ್ಚಳದ ಪರೀಕ್ಷೆ. ಮುಚ್ಚಳ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆಯಿರಿ. ಪರದೆ ಬೆಳಗಬೇಕು, ಟಚ್‌ಪ್ಯಾಡ್ ಆಡಬೇಕು, ವೈಫೈ ಮತ್ತೆ ಹತ್ತಬೇಕು. ಇದು ಕೈಕೊಟ್ಟರೆ ದಿನಬಳಕೆಯಲ್ಲಿ ನಿತ್ಯದ ಕಿರಿಕಿರಿ.

ಕರೆಂಟು ಹೋಗಿಬರುವ ಕಡೆ ಬ್ಯಾಟರಿಯ ಆರೋಗ್ಯ ತಿಳಿದಿರುವುದು ಒಳ್ಳೆಯದು. ಪವರ್ ಮ್ಯಾನೇಜರಿನಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ ಎಷ್ಟಿತ್ತು, ಈಗ ತುಂಬಿದಾಗ ಎಷ್ಟು ನಿಲ್ಲುತ್ತದೆ ಎರಡೂ ಕಾಣುತ್ತವೆ. ಹಾಗೆಯೇ ‘ಡಿಸ್ಕ್ಸ್’ ಎಂಬ ತಂತ್ರಾಂಶ ತೆರೆದು ಹಾರ್ಡ್‌ಡಿಸ್ಕಿನ ಸ್ಮಾರ್ಟ್ ವರದಿ ನೋಡಿ. ಡಿಸ್ಕು ಸಾಯುವ ಹಂತದಲ್ಲಿದೆ ಎಂದು ಅದು ಹೇಳಿದರೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಿದರೂ ದುಡ್ಡು ದಂಡ. ಮೊದಲು ಎಸ್‌ಎಸ್‌ಡಿ ತನ್ನಿ. ನಿಜ ಹೇಳಬೇಕೆಂದರೆ ಇ41ರಂಥ ಯಂತ್ರಕ್ಕೆ ಅತಿ ದೊಡ್ಡ ಉಪಕಾರ ಲಿನಕ್ಸೂ ಅಲ್ಲ ವಿಂಡೋಸೂ ಅಲ್ಲ, ತಿರುಗುವ ಡಿಸ್ಕಿನ ಜಾಗಕ್ಕೆ ಬರುವ ಎಸ್‌ಎಸ್‌ಡಿ. ಇಲ್ಲಿಯೇ ಇನ್ನೊಂದು ಮಾತು: ಲೈವ್ ಸೆಷನ್ನಿನ ವೇಗ ನೋಡಿ ತೀರ್ಪು ಕೊಡಬೇಡಿ. ಅಗ್ಗದ ಪೆನ್‌ಡ್ರೈವಿನಿಂದ ಓದುವಾಗ ಮೊದಲ ಸಲ ಬ್ರೌಸರ್ ತೆರೆಯಲು ತಡವಾಗುವುದು ಸಹಜ. ‘ಡಿಸ್ಕ್ಸ್’ನಲ್ಲಿ ನಿಮ್ಮ ಹಾರ್ಡ್‌ಡಿಸ್ಕೇ ಕಾಣಿಸದಿದ್ದರೆ ಬಯೋಸಿನಲ್ಲಿ ಸ್ಟೋರೇಜ್ ಕ್ರಮ ಇಂಟೆಲ್‌ನ ಆರ್‌ಎಸ್‌ಟಿಗೆ ಇರಬಹುದು. ಅದನ್ನು ಎಎಚ್‌ಸಿಐಗೆ ಬದಲಿಸಿದರೆ ಲಿನಕ್ಸಿಗೆ ಕಾಣುತ್ತದೆ, ಆದರೆ ತಯಾರಿಯಿಲ್ಲದೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಅಲ್ಲಿಗೆ ಕೈ ಹಾಕುವ ಮುನ್ನ ಗೊತ್ತಿದ್ದವರನ್ನು ಕೇಳಿ.

ಎರಡು ಭಾಷೆ, ಒಂದು ಕೀಲಿಮಣೆ

ಮನೆಯಲ್ಲಿ ಕನ್ನಡ, ತಾಲ್ಲೂಕು ಕಚೇರಿಯಲ್ಲಿ ತಮಿಳು ಎಂಬುದು ಇಲ್ಲಿನ ಬದುಕು. ಎರಡನ್ನೂ ಲೈವ್ ಸೆಷನ್ನಿನಲ್ಲೇ ಬರೆದು ನೋಡಬಹುದು. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತದ ಅಡಿಯಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಜೊತೆಗೆ ‘ಕಗಪ’ ಎಂಬ ವಿನ್ಯಾಸವೂ ಇದೆ, ಕನ್ನಡ ಗಣಕ ಪರಿಷತ್ತಿನ ಹೆಸರಿನದು. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸವಿದ್ದವರ ಬೆರಳು ಅಲ್ಲಿ ತಡವರಿಸುವುದಿಲ್ಲ. ತಮಿಳಿಗೆ ತಮಿಳುನಾಡು ಸರ್ಕಾರ ಒಪ್ಪಿದ ತಮಿಳ್99 ವಿನ್ಯಾಸವೂ ಅದೇ ಪಟ್ಟಿಯಲ್ಲಿದೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ವರ್ಡ್ ಫೈಲುಗಳನ್ನು ಲಿಬ್ರೆಆಫೀಸಿನಲ್ಲಿ ತೆರೆದರೆ ಇಂಗ್ಲಿಷಿನ ಕಲಸುಮೇಲೋಗರ ಕಾಣುತ್ತದೆ. ವಿಂಡೋಸಿನಲ್ಲಿದ್ದ ಅದೇ ಫಾಂಟುಗಳನ್ನು ತಂದು ಹಾಕಿದರೆ ಓದಲು ಬರುತ್ತವೆ. ತಮಿಳಿನ ವಾನವಿಲ್, ಬಾಮಿನಿ ಫಾಂಟಿನ ಕಡತಗಳ ಕತೆಯೂ ಇದೇ. ನಿಮ್ಮ ಸ್ವಂತ ಕಡತ ಒಂದೆರಡನ್ನು ಇನ್ನೊಂದು ಪೆನ್‌ಡ್ರೈವಿನಲ್ಲಿ ತಂದು ತೆರೆದು ನೋಡಿ. ಈ ಲೈವ್ ಸೆಷನ್ನಿನಲ್ಲಿ ಬರೆದದ್ದು ಆಫ್ ಮಾಡಿದ ಕೂಡಲೇ ಮಾಯವಾಗುತ್ತದೆ ಎಂಬುದೂ ನೆನಪಿರಲಿ. ರೂಫಸಿನಲ್ಲಿ ‘ಪರ್ಸಿಸ್ಟೆನ್ಸ್’ ಜಾಗ ಕೊಟ್ಟು ಪೆನ್‌ಡ್ರೈವ್ ಬರೆದರೆ ಉಳಿಯುತ್ತದೆ.

ಯಂತ್ರದ ಪರೀಕ್ಷೆ ಒಂದು ಸಂಜೆಯ ಕೆಲಸ. ನಿಮ್ಮ ಕೆಲಸಗಳು ಅದರಲ್ಲಿ ನಡೆಯುತ್ತವೆಯೇ ಎಂಬುದಕ್ಕೆ ಒಂದು ವಾರ ಬೇಕು, ಲಿನಕ್ಸ್ ಹಾಕಿಸಿಕೊಂಡು ಆಮೇಲೆ ಬೈಯುವವರು ಸಾಮಾನ್ಯವಾಗಿ ಬಿಟ್ಟಿರುವುದು ಈ ವಾರವನ್ನೇ. ಬ್ರೌಸರಿನಲ್ಲಿ ಆಗುವ ಕೆಲಸಗಳಿಗೆ ಚಿಂತೆಯಿಲ್ಲ: ವಿದ್ಯಾರ್ಥಿವೇತನದ ಅರ್ಜಿ, ಮೇಷ್ಟ್ರುಗಳು ಶಾಲೆಯ ದಾಖಲೆ ತುಂಬುವ ಎಮಿಸ್ ಜಾಲತಾಣ, ವಾಟ್ಸಾಪ್ ವೆಬ್, ಆನ್‌ಲೈನ್ ಪಾಠ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಐಟಿ ಪಾಠ ಕಲಿಯುವುದೇ ಲಿನಕ್ಸಿನಲ್ಲಿ. ಕೇರಳದ ಐಟಿ@ಸ್ಕೂಲ್, 2017ರಿಂದ ಕೈಟ್ ಎಂಬ ಹೆಸರಿನ ಸಂಸ್ಥೆ, ಅದನ್ನು ಶಾಲೆಗಳಿಗೆ ಕೊಟ್ಟು ದಶಕ ದಾಟಿದೆ. ಹಾಗಾಗಿ ಮಕ್ಕಳ ಓದಿಗೆ ಆಗದು ಎಂಬ ವಾದ ನಿಲ್ಲುವುದಿಲ್ಲ.

ನಿಲ್ಲುವ ವಾದಗಳು ಬೇರೆ ಇವೆ. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು ಬದಲಾಯಿಸಬೇಡಿ. ಆಧಾರಿಗೆ ಬೆರಳಚ್ಚು ಒತ್ತಿಸಿಕೊಳ್ಳುವ ಇ-ಸೇವೆ ಅಂಗಡಿಯವರೂ ಬೇಡ; ಆ ಸಾಧನಗಳ ಜೊತೆ ಬರುವ ತಂತ್ರಾಂಶ ವಿಂಡೋಸ್, ಆಂಡ್ರಾಯ್ಡ್‌ಗಳನ್ನು ನೆಚ್ಚಿಕೊಂಡಿದೆ. ಇನ್ನು ಪ್ರಿಂಟರು. ಎಪ್ಸನ್ನಿನ ಇಂಕ್ ಟ್ಯಾಂಕುಗಳು ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತವೆ, ಎಚ್‌ಪಿ 1020ಕ್ಕೆ ಎಚ್‌ಪಿಯದೇ ಒಂದು ಪ್ಲಗಿನ್ ಇಳಿಸಬೇಕು. ಜೆರಾಕ್ಸ್ ಅಂಗಡಿಗಳ ಪ್ರೀತಿಯ ಕೆನಾನ್ ಎಲ್‌ಬಿಪಿ 2900 ಮಾತ್ರ ತನ್ನದೇ ಭಾಷೆಯಲ್ಲಿ ಮಾತಾಡುವ ಪ್ರಿಂಟರು, ಲಿನಕ್ಸಿನಲ್ಲಿ ಅದನ್ನು ಒಲಿಸಿಕೊಳ್ಳಲು ತಾಳ್ಮೆ ಬೇಕು. ನಿಮ್ಮ ಪ್ರಿಂಟರನ್ನು ಲೈವ್ ಸೆಷನ್ನಿನಲ್ಲೇ ಸಿಕ್ಕಿಸಿ ಒಂದು ಹಾಳೆ ತೆಗೆದು ನೋಡಿ.

ಎಲ್ಲ ಸರಿಹೋಯಿತು, ಹಾಕಿಬಿಡೋಣ ಅನ್ನಿಸಿದರೆ ಮೊದಲು ಫೋಟೊ, ಮಾರ್ಕ್ಸ್‌ಕಾರ್ಡುಗಳ ಸ್ಕ್ಯಾನು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳಿ. ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಅದರ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ, ಅದರೊಳಗಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಜಾಗ ಕುಗ್ಗಿಸಿ, ಆ ಖಾಲಿ ಜಾಗಕ್ಕೆ ಲಿನಕ್ಸ್ ಹಾಕಿ. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ‘ಇರೇಸ್ ಡಿಸ್ಕ್’ ಎಂಬುದನ್ನು ಎರಡು ಸಲ ಓದಿ. ಲ್ಯಾಪ್‌ಟಾಪು ಚಾರ್ಜರಿನಲ್ಲಿರಲಿ, ಬ್ಯಾಟರಿಯೂ ತುಂಬಿರಲಿ. ಅರ್ಧ ಬರೆಯುವಾಗ ಕರೆಂಟು ಹೋದರೆ ವಿಂಡೋಸ್, ಲಿನಕ್ಸ್ ಎರಡೂ ಇಲ್ಲವಾದಾವು. ಪರೀಕ್ಷೆಯಲ್ಲಿ ಫೇಲಾದ ಯಂತ್ರದವರೂ ಆ ಪೆನ್‌ಡ್ರೈವನ್ನು ಅಳಿಸಬೇಕಿಲ್ಲ. ಮುಂದೊಂದು ದಿನ ವಿಂಡೋಸ್ ಏಳದೆ ಹೋದಾಗ, ಡಿಸ್ಕಿಗೆ ಬಿಟ್‌ಲಾಕರ್ ಬೀಗವಿಲ್ಲದಿದ್ದರೆ, ಅದರಿಂದಲೇ ಬೂಟ್ ಮಾಡಿ ಹಾರ್ಡ್‌ಡಿಸ್ಕ್ ತೆರೆದು ಒಳಗಿನ ಫೈಲುಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ತೆಗೆದುಕೊಳ್ಳಬಹುದು.